ನೋವಿಲ್ಲದ ಕಡೆಯಿಂದ

ಎಣ್ಣೆಯನ್ನು ನಾನು ನೇರ ಉರಿಗೆ ಇಡುವುದಿಲ್ಲ. ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಕಾಯಿಸಿ, ಎಣ್ಣೆಯ ಬಟ್ಟಲನ್ನು ಅದರೊಳಗೆ ಇಳಿಸಿ ಪಕ್ಕದಲ್ಲೇ ನಿಲ್ಲುತ್ತೇನೆ. ಮೊದಲು ಎಳ್ಳಿನ ವಾಸನೆ ಏಳುತ್ತದೆ, ಆಮೇಲೆ ಅದರಲ್ಲಿ ಕುದಿದ ಬೇರುಗಳ ಒಗರು ವಾಸನೆ. ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟುಕೊಂಡು ನೋಡುತ್ತೇನೆ. ಚುರ್ ಎನ್ನಬಾರದು, ತಣ್ಣಗೂ ಇರಬಾರದು. ಬಿದ್ದದ್ದೇ ಗೊತ್ತಾಗದಂತೆ ಹನಿ ಚರ್ಮದ ಮೇಲೆ ಹರಡಬೇಕು. ಆ ಹದಕ್ಕೆ ಕಾಯುವ ನಾಲ್ಕು ನಿಮಿಷ ನನ್ನ ದಿನದ ಸುಖದ ಹೊತ್ತು. ಒಳಗೆ, ಎಣ್ಣೆ ಕುಡಿದು ಕಪ್ಪಾದ ಮರದ ದ್ರೋಣಿಯ ಮೇಲೆ ಯಾರೋ ಮಲಗಲಿದ್ದಾರೆ. ಅವರ ಮೈ ಇವತ್ತು ಏನು ಹೇಳುತ್ತದೋ ಎಂಬ ಕುತೂಹಲ ಇಷ್ಟು ವರ್ಷವಾದರೂ ಹಳತಾಗಿಲ್ಲ.

ಈ ಕೆಲಸವನ್ನು ಮೊದಲು ಕಲಿಸಿದವಳು ನನ್ನ ಅಜ್ಜಿ. ಸಾಗರದ ಕಡೆಯ ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಬಾಣಂತನವಿದ್ದರೂ ಎಣ್ಣೆ ನೀರಿಗೆ ಅವಳೇ ಹೋಗಬೇಕಿತ್ತು. ಬಚ್ಚಲ ಹಂಡೆಯಲ್ಲಿ ನೀರು ಕಾಯುತ್ತಿರುವಾಗ ಮಣೆಯ ಮೇಲೆ ಕುಳಿತು, ಸೀರೆ ಎತ್ತಿಕಟ್ಟಿ ಎರಡೂ ಕಾಲು ಚಾಚಿ, ಕೂಸನ್ನು ಅವುಗಳ ಮೇಲೆ ಮಲಗಿಸಿಕೊಳ್ಳುತ್ತಿದ್ದಳು. ಕೂಸಿನ ಎದೆಯ ಮೇಲೆ ಅಂಗೈ ಇಟ್ಟು ಸುಮ್ಮನಿರುತ್ತಿದ್ದಳು. ಅದು ಅಳು ನಿಲ್ಲಿಸಿ ಅವಳ ಮುಖ ನೋಡಿದ ಮೇಲೆಯೇ ಕೈ ಸರಿಯುತ್ತಿದ್ದದ್ದು. ಉಳುಕಿದ ಕಾಲು, ಹಿಡಿದುಕೊಂಡ ಸೊಂಟ ಎಂದು ದೊಡ್ಡವರು ಬಂದರೂ ಕ್ರಮ ಅದೇ. ಒಮ್ಮೆ ನಾನು ಅವಸರದಲ್ಲಿ ಯಾರದೋ ನೋಯುವ ಭುಜಕ್ಕೇ ಕೈ ಹಾಕಿದಾಗ, ಅವಳು ನನ್ನ ಕೈ ಹಿಡಿದು ತೆಗೆದಳು. "ಗಾಯ ಆದ ದನಾನ ಯಾರಾದ್ರೂ ಗಾಯದ ಹತ್ರವೇ ಮೊದ್ಲು ಮುಟ್ತಾರ ಮಗಾ? ಗಂಗೆದೊಗಲು ನೇವರಿಸು. ಅದಾಗಿ ಕತ್ತು ಎತ್ತಿ ಕೊಟ್ಟ ಮೇಲೆ ಗಾಯ ನೋಡು."

ನನ್ನ ಕಸುಬಿನ ತತ್ವವೆಲ್ಲ ಆ ಮಾತಿನಲ್ಲಿದೆ.

ಮುಂದೆ ಅಭ್ಯಂಗವನ್ನು ಕ್ರಮವಾಗಿ ಕಲಿಯುವಾಗ ಅಜ್ಜಿಯ ಮಾತು ಮತ್ತೆ ಮತ್ತೆ ಎದುರಾಯಿತು. ವಾಗ್ಭಟ ತನ್ನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ದಿನವೂ ಎಣ್ಣೆ ಹಚ್ಚಿಕೊಳ್ಳಬೇಕು ಎನ್ನುತ್ತಾನೆ. ಅದರಲ್ಲೂ ತಲೆ, ಕಿವಿ, ಪಾದಗಳನ್ನು ಹೆಸರಿಸುತ್ತಾನೆ. ನಾವು ನೋವೆಂದು ತೋರಿಸುವ ಸೊಂಟ, ಮಂಡಿ, ಭುಜ ಯಾವುದನ್ನೂ ಅಲ್ಲಿ ಎತ್ತಿ ಹೇಳಿಲ್ಲ. ಅಜೀರ್ಣವಾದವರಿಗೆ ಅಭ್ಯಂಗ ಬೇಡ ಎಂದೂ ಅಲ್ಲೇ ಇದೆ. ಹಾಗಾಗಿ "ಊಟ ಸೇರ್ತಾ? ನಿದ್ದೆ ಬಂತಾ?" ಎಂದು ನಾನು ಕೇಳುವುದು ಬಾಯುಪಚಾರಕ್ಕಲ್ಲ. ನಿದ್ದೆ ಬರಲಿಲ್ಲ ಎಂದವರು ಯಾಕೆ ಬರಲಿಲ್ಲ ಎಂಬುದನ್ನೂ ಹೇಳುತ್ತಾರೆ: ಮಗನಿಗೆ ಸಿಗದ ಕೆಲಸ, ಮೋಡಕ್ಕೆ ಒಣಗದ ಅಡಿಕೆ, ತೀರದ ಸಾಲ. ಭುಜ ಹೊತ್ತಿರುವ ಭಾರದಲ್ಲಿ ಅವೂ ಸೇರಿವೆ.

ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಸುಲಿಯುವ ಹೆಂಗಸರು ಬರುತ್ತಾರೆ. ಮೆಟ್ಟುಗತ್ತಿಯ ಮುಂದೆ ಕತ್ತು ಬಗ್ಗಿಸಿ ಕೂತು ಸರಿರಾತ್ರಿಯವರೆಗೆ ಹಸಿ ಅಡಿಕೆ ಸುಲಿದವರು. ಕಳೆದ ಸಲ ಬಂದ ಒಬ್ಬರಿಗೆ ಬಲಗೈ ಎತ್ತಿ ತಲೆ ಬಾಚಲು ಆಗುತ್ತಿರಲಿಲ್ಲ. ಪಾದದಿಂದ ಶುರು ಮಾಡಿದೆ.

"ನೋವು ಅಲ್ಲಲ್ಲ ಅಕ್ಕಾ."

"ಗೊತ್ತು. ಅಲ್ಲಿಗೇ ಬರ್ತೇನೆ."

ಕಾಲು, ಬೆನ್ನು, ಎಡಭುಜ ಮುಗಿಸಿ, ಅವರ ಬಲಗೈಯನ್ನು ನನ್ನ ಅಂಗೈಗಳ ಮೇಲೆ ತುಸುವೇ ಎತ್ತಿಕೊಂಡೆ. "ಕೈ ಪೂರ್ತಿ ನಂಗೆ ಬಿಡಿ" ಎಂದೆ. "ಬಿಟ್ಟಿದೀನಲ್ಲ" ಎಂದರು. ನಾನು ಮೆಲ್ಲಗೆ ಅಂಗೈ ಕೆಳಗಿಳಿಸಿದೆ. ಅವರ ಕೈ ಇದ್ದಲ್ಲೇ ಗಾಳಿಯಲ್ಲಿ ನಿಂತಿತ್ತು. ಅವರೇ ತಿರುಗಿ ನೋಡಿ ಬೆರಗಾದರು. ದುಡಿಯಲು ಶುರು ಮಾಡಿದಂದಿನಿಂದ ಯಾರಿಗೂ ತನ್ನ ಭಾರ ಒಪ್ಪಿಸಿ ಗೊತ್ತಿಲ್ಲದ ಕೈ ಅದು. ಮತ್ತೆ ಅಂಗೈ ಕೊಟ್ಟು ಕಾದೆ. ಉಸಿರು ಎರಡು ಸಲ ದೀರ್ಘವಾಯಿತು. ಬೆರಳುಗಳು ಒಂದೊಂದಾಗಿ ಸಡಿಲವಾದವು. ಆಮೇಲೆ ಒಮ್ಮೆಲೇ ಆ ಕೈಯ ಇಡೀ ತೂಕ ನನ್ನ ಕೈಗೆ ಇಳಿಯಿತು. ಮಡಿಲಲ್ಲಿ ನಿದ್ದೆ ಹೋದ ಮಗು ಇದ್ದಕ್ಕಿದ್ದಂತೆ ಭಾರವಾಗುತ್ತದಲ್ಲ, ಹಾಗೆ. ಭುಜಕ್ಕೆ ಕೈ ಹಾಕಿದ್ದು ಅದಾದ ಮೇಲೆ.

ಕೈ ಎಷ್ಟು ನಿಧಾನ ಸರಿಯಬೇಕು? ರೋಮವಿರುವ ಚರ್ಮದಲ್ಲಿ ಮೆಲುವಾದ ಸವರಿಕೆಗೆ ಓಗೊಡುವ ಸಪೂರ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ಸ್ಪರ್ಶಕ್ಕೆ ಅವು ಹೆಚ್ಚು ಸ್ಪಂದಿಸುತ್ತವೆ, ಜನರಿಗೂ ಆ ವೇಗವೇ ಹಿತ ಎಂಬುದನ್ನು ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲು, 1986ರಲ್ಲಿ, ಅಮೆರಿಕದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ಮೈ ನೀವಿ ಕೈಕಾಲು ಆಡಿಸಿ ನೋಡಿದ್ದರು. ದಿನಕ್ಕೆ ಮೂರು ಸಲ, 15 ನಿಮಿಷದಂತೆ, 10 ದಿನ. ಆ ಕೂಸುಗಳ ತೂಕ ಉಳಿದವುಗಳಿಗಿಂತ ದಿನಕ್ಕೆ ಶೇ 47ರಷ್ಟು ಹೆಚ್ಚು ಏರಿತು. ಇದನ್ನು ಓದಿದಾಗ ನನಗೆ ಕಂಡದ್ದು ಬಚ್ಚಲ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ ಕೂತ ಅಜ್ಜಿ, ಅವಳ ಅವಸರವಿಲ್ಲದ ಕೈ.

ಇಡೀ ಮನುಷ್ಯನನ್ನು ನೋಡುವುದೆಂದರೆ ನನ್ನ ಕೈ ಎಲ್ಲವನ್ನೂ ವಾಸಿ ಮಾಡುತ್ತದೆ ಎಂದಲ್ಲ. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಅದು ಹೆಪ್ಪುಗಟ್ಟಿದ ರಕ್ತವಿರಬಹುದು. ಅಲ್ಲಿ ಒತ್ತಿದರೆ ಪ್ರಾಣಕ್ಕೇ ಸಂಚಕಾರ. ಜ್ವರ, ಬಿದ್ದ ಪೆಟ್ಟು, ಇದ್ದಕ್ಕಿದ್ದಂತೆ ಜೋಮು ಹಿಡಿದ ಅಂಗ ಬಂದರೆ ಎಣ್ಣೆ ಬಟ್ಟಲು ಬದಿಗಿಟ್ಟು ಆಸ್ಪತ್ರೆಯ ದಾರಿ ತೋರಿಸುತ್ತೇನೆ. ಎಲ್ಲಿ ಕೈ ಹಿಂದೆಗೆಯಬೇಕೆಂದು ತಿಳಿಯುವುದಕ್ಕೇ ಈ ಕಸುಬಿನಲ್ಲಿ ಹೆಚ್ಚು ವರ್ಷ ಬೇಕು.

ಆ ಅಡಿಕೆ ಸುಲಿಯುವವರನ್ನೂ ಮೊದಲು ವೈದ್ಯರಿಗೆ ತೋರಿಸಿದ್ದೆ. ಅವರು ಹೇಳಿಕೊಟ್ಟ ವ್ಯಾಯಾಮ, ಜೊತೆಗೆ ವಾರಕ್ಕೊಮ್ಮೆ ಎಣ್ಣೆ. ಮಳೆ ಹಿಡಿಯುವ ಹೊತ್ತಿಗೆ ಕೈ ತಲೆ ಮುಟ್ಟಿತ್ತು. ಮೊನ್ನೆ ಪೇಟೆಗೆಂದು ಬಂದವರು ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದರು.

"ಭುಜ ಹೇಗಿದೆ?" ಎಂದೆ.

"ಆರಾಮ. ಇವತ್ತು ಎಲ್ಲೂ ನೋವಿಲ್ಲ ಅಕ್ಕಾ, ಹಾಗೇ ಬಂದೆ. ಪಾದಕ್ಕೆ ಒಂಚೂರು ಎಣ್ಣೆ ಹಚ್ತೀರಾ?"

ನೀರಿನ ಪಾತ್ರೆಯನ್ನು ಒಲೆಯ ಮೇಲಿಟ್ಟೆ.