ಬಿರುಕಿನೊಳಗಿನವರು

ಅಮರಗೋಳದಲ್ಲಿ ಬನಶಂಕರಿಯ ಗುಡಿ ಇದೆ, ಚಾಲುಕ್ಯರ ಕಾಲದ್ದು. ಬನ ಮಾತ್ರ ಕಾಣೆ. ಚಿಗರಿಯ ಪಾಡೂ ಅಷ್ಟೇ. ಈಗ ಬಸ್ಸಿನ ಹೆಸರಾಗಿ ಮಾತ್ರ ಹುಬ್ಬಳ್ಳಿ-ಧಾರವಾಡದ ನಡುವೆ ಓಡುತ್ತದೆ. ಉಳಿದಿರುವುದು ಎಪಿಎಂಸಿಯ ಆಚೆ, ಸೈಟಾಗಲು ಕಾದು ಕೂತ ಒಂದು ಹುಲ್ಲುಬಯಲು. ಯುಗಾದಿಗೆ ಮುಂಚೆ ಯಾರದೋ ಬೀಡಿಯ ತುಂಡಿಗೆ ಅದೂ ಹೊತ್ತಿತು.

ನಾನು ಹೋದಾಗ ಬೆಂಕಿಯ ಅಂಚಿನಲ್ಲಿ ಕಾಜಾಣಗಳ ಸಂಭ್ರಮ. ಹೊಗೆಗೆ ಹಾರಿಬಂದ ಮಿಡತೆಗಳನ್ನು ಮದುವೆಯೂಟದ ಮೊದಲ ಪಂಕ್ತಿಯವರ ಹಾಗೆ ಬಾರಿಸುತ್ತಿದ್ದವು. ‘ಎಲ್ಲಾ ಸತ್ತುಹೋತಲ್ಲ ಅಜ್ಜಾ’ ಎಂದೆ. ‘ಸುಟ್ಟದ್ದು ಮ್ಯಾಲಿನ ಕರಡ ರೀ ಸರ, ಬೇರು ತಣ್ಣಗ ಐತಿ’ ಅಂದರು ಕುರಿ ಕಾಯುವ ಅಜ್ಜ.

ಅಜ್ಜನ ಮಾತು ಸುಳ್ಳಲ್ಲ. ಹುಲ್ಲಿನದು ಓಡುವ ಬೆಂಕಿ; ನಾಲ್ಕು ಬೆರಳು ಕೆಳಗಿನ ಮಣ್ಣಿಗೆ ಅದರ ಬಿಸಿ ಅಷ್ಟಾಗಿ ಇಳಿಯದು. ಸಾಲದ್ದಕ್ಕೆ ಇಲ್ಲಿಯದು ಎರೆಮಣ್ಣು. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಇರುವೆ, ಚೇಳು, ಜೇಡ ಎಲ್ಲಕ್ಕೂ ಅದೇ ನೆಲಮಾಳಿಗೆ. ಮೂರನೆಯ ದಿನ ನೋಡಿದರೆ ಇರುವೆಗಳು ಆಗಲೇ ಗೂಡಿನ ಬಾಯಲ್ಲಿ ಬಿದ್ದ ಬೂದಿ ಹೊತ್ತು ಹೊರಹಾಕುತ್ತಿದ್ದವು.

2019ರ ಫೆಬ್ರುವರಿಯಲ್ಲಿ ಬಂಡೀಪುರದ 10 ಸಾವಿರ ಎಕರೆಗೂ ಮಿಕ್ಕಿ ಕಾಡು ಸುಟ್ಟಿತಲ್ಲ, ಅಂಥ ಬೆಂಕಿಯ ಲೆಕ್ಕ ಬೇರೆ. ಒಣಗಿದ ಲಂಟಾನದ ಪೊದೆ ಉರಿಯನ್ನು ಮೇಲಕ್ಕೇರಿಸುತ್ತದೆ. ಬಿದ್ದ ದಿಮ್ಮಿ ದಿನಗಟ್ಟಲೆ ಕೆಂಡವಾಗಿ ಕೂತರೆ ಅಡಿಯ ಬೀಜ, ಬೇರು ಎರಡೂ ಬೇಯುತ್ತವೆ. ದಿಮ್ಮಿಯೊಳಗಿನ ಜೀರುಂಡೆ ಮರಿ ಎಲ್ಲಿಗೆ ಓಡೀತು? ಆಮೇಲೆ ಬುಡದಿಂದ ಬೇಗ ಚಿಗುರುವುದೂ ಅದೇ ಲಂಟಾನ, ನಾಚಿಕೆಯಿಲ್ಲದ ಗಿಡ.

ನಮ್ಮ ಬಯಲಿಗೂ ಅಂಥದೊಂದು ಗಿಡ ಬಂತು, ಆದರೆ ಕೊನೆಗೆ. ಅಡ್ಡಮಳೆ ಬಿದ್ದ ವಾರದಲ್ಲೇ ಕರಿಕೆ ತಲೆಯೆತ್ತಿತು, ರೆಕ್ಕೆ ಬಂದ ಗೆದ್ದಲು ಬೀದಿದೀಪಕ್ಕೆ ಮುತ್ತಿದವು. ಮಿರಗದ ಮಳೆಗೆ ಕೆಂಪು ಮಖಮಲ್ಲಿನ ಹುಳ ಹರಿದಾಡಿದವು. ಬೆನ್ನಿಗೇ ಕಾಂಗ್ರೆಸ್ ಕಸ, ಮೊಳಕಾಲೆತ್ತರ. ಬೈಯುತ್ತ ಕೀಳಲು ಬಗ್ಗಿದೆ; ಎಲೆಯ ಮೇಲೆ ಕೆನೆಬಣ್ಣದ, ಕಂದು ಗೆರೆಯ ಪುಟ್ಟ ಜೀರುಂಡೆ. ಈ ಕಸ ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳದ ವಂಶ. ಒಣದಿನಗಳಲ್ಲಿ ಮಣ್ಣೊಳಗೆ ಮಲಗಿ, ಮಳೆಗೆ ಏಳುವ ಜಾತಿ. ಮೇಲೆ ಬಯಲು ಉರಿಯುವಾಗ ಕೆಳಗೆ ಇದು ನಿದ್ದೆಯಲ್ಲಿದ್ದಿರಬೇಕು.

ಕುರಿಗಳು ಮೂಸಿ ಬಿಟ್ಟ ಎಲೆಯನ್ನು ಅದು ನಿಧಾನಕ್ಕೆ ಜಾಲರಿ ಮಾಡುತ್ತಿತ್ತು. ಸೈಟಿನ ಗಡಿಕಲ್ಲಿನ ಮೇಲೆ ಕೂತು ಒಂದು ಕಾಜಾಣ ನೋಡುತ್ತಿತ್ತು.