180 ಕಡ್ಡಿಪೆಟ್ಟಿಗೆ

ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ ಖಾಲಿ ಕಡ್ಡಿಪೆಟ್ಟಿಗೆ ಎಸೆಯುವಂತಿಲ್ಲ; ನನ್ನ ಮಾದರಿಗೆ ಅವೇ ಬೇಕು. ಮಾದರಿ ಮಾಡುವ ಹುಚ್ಚಿನವರು ವಿಮಾನ, ಟ್ಯಾಂಕುಗಳ ಬೆನ್ನು ಹತ್ತುತ್ತಾರೆ. ನನಗೆ ಹಿಡಿಸಿದ್ದು ಯುದ್ಧನೌಕೆಗಳ ಪೈಕಿ ಪರಮ ಕುರೂಪಿಯಾದ ರೈನೋ ಫೆರಿ. ಮೂತಿಯಿಲ್ಲ, ಮೈಮಾಟವಿಲ್ಲ, ನೀರಿನ ಮೇಲೊಂದು ಅಂಗಳ, ಅಷ್ಟೇ.

1944ರ ಜೂನ್‌ನಲ್ಲಿ ಮಿತ್ರಪಡೆಗಳು ಬಂದಿಳಿದ ಫ್ರಾನ್ಸಿನ ನಾರ್ಮಂಡಿಯ ತೀರ ತೀರಾ ಸಪಾಟಾಗಿತ್ತು. ದೊಡ್ಡ ಹಡಗುಗಳು ದೂರದಲ್ಲೇ ನಿಂತಾಗ, ಅವುಗಳ ಬಾಯಿಂದ ಟ್ರಕ್ಕು, ಜೀಪುಗಳನ್ನು ಹೊತ್ತು ಮರಳಿಗೆ ಮುಟ್ಟಿಸಿದ್ದು ಇದೇ ಫೆರಿ. ಸಾಲಿಗೆ 30 ಉಕ್ಕಿನ ಪೆಟ್ಟಿಗೆ, ಅಂಥ 6 ಸಾಲು. 176 ಅಡಿ ಉದ್ದ, 42 ಅಡಿ ಅಗಲ. ಈ ಉಪಾಯ ಹೂಡಿದ ಅಮೆರಿಕದ ನೌಕಾಪಡೆಯ ಎಂಜಿನಿಯರ್ ಜಾನ್ ಲೇಕಾಕ್ ಮೊದಲು ಸಿಗಾರ್ ಡಬ್ಬಿ ಜೋಡಿಸಿ ನೋಡಿದ್ದನಂತೆ. ಹಾಗಾದರೆ ನನ್ನ ಕಡ್ಡಿಪೆಟ್ಟಿಗೆಯೂ ಕುಲೀನವೇ!

ಪೆಟ್ಟಿಗೆಯನ್ನು ಕರಗಿದ ಮೇಣದಲ್ಲಿ ಅದ್ದಿ ತೆಗೆದು, ಮೂಲೆಯಲ್ಲಿ ಗಟ್ಟಿಯಾದ ಹನಿಯನ್ನು ಬ್ಲೇಡಿನಿಂದ ಸವರಬೇಕು. ಬಿಟ್ಟರೆ ಪಕ್ಕದ್ದು ಓರೆಯಾಗಿ ಕೂರುತ್ತದೆ; ಮೂವತ್ತನೆಯದು ಬರುವಷ್ಟರಲ್ಲಿ ಸಾಲೇ ಬಾಗಿರುತ್ತದೆ. ನಿಜದ ಫೆರಿಯಲ್ಲಿ ಉಕ್ಕಿನ ಆಂಗಲ್ ಇರುವ ಕಡೆ ನಾನು ಬಿದಿರಿನ ಸೀಳು ಇಟ್ಟು ದಾರ ಬಿಗಿಯುತ್ತೇನೆ. ಸಾಲಿಗೂ ಸಾಲಿಗೂ ಮಾತ್ರ ಜಾರುಗಂಟು. ಮೂರಡಿ ದಾಟಿದ ಈ ಪ್ರಾಣಿ ಮನೆಯ ಟಬ್ಬಿಗೆ ಹಿಡಿಸುವುದಿಲ್ಲ. ಬಿಚ್ಚಿ, ಹೊರೆ ಕಟ್ಟಿ ಹರಿಹರದ ಹೊಳೆಗೇ ಒಯ್ಯಬೇಕು.

"ಊದುಬತ್ತಿ ಮಾರಾಕೆ ಹೊಂಟೀರೇನ್ರೀ?" ಎಂದ ಬಸ್ ಕಂಡಕ್ಟರ್.

ಸೈನ್ಯದ ದಾಟು ಹರಿಹರಕ್ಕೆ ಹೊಸದಲ್ಲ. 1803ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಇಲ್ಲಿಂದಲೇ ಪುಣೆಗೆ ದಂಡು ಹೊರಡಿಸಿ, ಹಾವನೂರಿನ ಬಳಿ ತುಂಗಭದ್ರೆ ದಾಟಿದ. ಮಳೆಗಾಲದ ಹೊಳೆಗಳಿಗೆ ಅವನು ನೆಚ್ಚಿದ್ದು ಚರ್ಮ ಹೊದಿಸಿದ ಹರಿಗೋಲನ್ನೇ. ಮುಂದೆ ತುಂಬಿದ ಗೋದಾವರಿಯ ದಡದಲ್ಲಿ ಅವನ ಸೈನಿಕರೇ ಬುಟ್ಟಿ ಹೆಣೆದು, ಎತ್ತಿನ ಚರ್ಮ ಹೊದಿಸಿ ದಾಟಿದರು. ದೋಣಿ ಸಿಗದಿದ್ದರೆ ದಡದಲ್ಲೇ ಕಟ್ಟಿಕೊ ಎಂಬ ಈ ಬುದ್ಧಿಯೇ ರೈನೋದ ಜೀವ.

ನಾನೂ ದಡದಲ್ಲಿ ಕೂತು ಸಾಲು ಕಟ್ಟಿದೆ. ಮೇಲೆ ಮೊಮ್ಮಗನ ಆಟದ ಜೀಪು ಇಟ್ಟು, ಬೇಕೆಂದೇ ಒಂದು ಪೆಟ್ಟಿಗೆಗೆ ಸೂಜಿ ಚುಚ್ಚಿದೆ. ಅದು ನೀರು ಕುಡಿಯಿತು; ಉಳಿದ 179 ಅದನ್ನೂ ಹೊತ್ತು ತೇಲಿದವು. ನಾನು ಹಿಗ್ಗುತ್ತಿದ್ದರೆ ಮೊಮ್ಮಗನಿಗೆ ಬೇರೆಯೇ ಅವಸರ: "ಜೀಪ್ ಇಳಿಸು ತಾತ!" ಹಲಗೆ ಇಟ್ಟೆ. ಜೀಪು ಮರಳಿಗೆ ಇಳಿದದ್ದೇ ತಡ, ಅವನು ಅದರ ಹಿಂದೆ ಓಡಿದ. ಫೆರಿಯತ್ತ ತಿರುಗಿಯೂ ನೋಡಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?