ಬೀಸದೆ ಉಳಿದ ಕೈ

ನನ್ನ ಸಿಗ್ನಲ್‌ಗಳ ಬಗ್ಗೆ ನನಗೆ ಜಂಬವಿತ್ತು. ಬ್ಯಾಸ್ಕೆಟ್‌ಬಾಲ್ ರೆಫರಿ ಪರೀಕ್ಷೆಗೆ ಓದುವಾಗ ಬೀರುವಿನ ಕನ್ನಡಿ ಮುಂದೆ ನಿಂತು ಒಂದೊಂದನ್ನೂ ತಿದ್ದಿ ತೀಡಿಕೊಂಡಿದ್ದೆ. ಫೌಲ್ ಆದರೆ ಮುಷ್ಟಿ ಬಿಗಿದು ತೋಳು ನೆಟ್ಟಗೆ ಮೇಲೆ, ವಯಲೇಷನ್ ಆದರೆ ಅಂಗೈ ಬಿಚ್ಚಿ ಮೇಲೆ. ಟ್ರಾವೆಲಿಂಗ್‌ಗೆ ಎರಡು ಮುಷ್ಟಿ ಒಂದರ ಸುತ್ತ ಒಂದು ತಿರುಗಬೇಕು, ಬ್ಲಾಕಿಂಗ್‌ಗೆ ಎರಡೂ ಕೈ ಸೊಂಟಕ್ಕೆ ಹೋಗಬೇಕು, ಚಾರ್ಜಿಂಗ್‌ಗೆ ಮುಷ್ಟಿ ಅಂಗೈಗೆ ಗುದ್ದಬೇಕು. ಇವೆಲ್ಲ ನನ್ನ ಕೈಯಲ್ಲಿ ಅಚ್ಚಿಗೆ ಹಾಕಿದಂತೆ ಬರುತ್ತಿದ್ದವು. ‘ನೀನು ಕೈ ಎತ್ತಿದರೆ ಟೇಬಲ್‌ನವರಿಗೆ ಅನುಮಾನವೇ ಬರೋದಿಲ್ಲ ಮಾರಾಯ’ ಎಂದು ಹಿರಿಯ ರೆಫರಿಯೊಬ್ಬರು ಹೇಳಿದ್ದರು. ಅದನ್ನೇ ದೊಡ್ಡ ಸರ್ಟಿಫಿಕೇಟ್ ಎಂದು ಭಾವಿಸಿ ತಿರುಗಾಡುತ್ತಿದ್ದೆ.

ಆದರೆ ಕನ್ನಡಿ ಮುಂದೆ ಅಭ್ಯಾಸ ಮಾಡದೆ ಬಿಟ್ಟ ಸಿಗ್ನಲ್ ಒಂದಿತ್ತು. ಅದು ಎಣಿಕೆಯದು. ಕೈಯನ್ನು ಸೆಕೆಂಡಿಗೆ ಒಂದು ಸಲದಂತೆ ಬೀಸುತ್ತಾ, ಆಟಗಾರ್ತಿಗೂ ಎದುರಾಳಿಗೂ ಬೆಂಚಿಗೂ ಕಾಣುವ ಹಾಗೆ ಎಣಿಸುವುದು. ಉಳಿದ ಬಹುಪಾಲು ಸಿಗ್ನಲ್‌ಗಳು ವಿಸಲ್ ಊದಿದ ಮೇಲೆ ಬರುತ್ತವೆ. ತೀರ್ಮಾನ ಆಗಲೇ ಮುಗಿದಿರುತ್ತದೆ, ಕೈ ಅದನ್ನು ಸಾರಿ ಹೇಳುತ್ತದೆ ಅಷ್ಟೇ. ಎಣಿಕೆ ಹಾಗಲ್ಲ, ಅದು ವಿಸಲ್‌ಗೆ ಮುಂಚೆ ಬರುವಂಥದ್ದು. ಅದರಲ್ಲಿ ಠೀವಿ ಇಲ್ಲ, ನೋಡಿ ಚಪ್ಪಾಳೆ ತಟ್ಟುವವರಿಲ್ಲ. ಹಾಗಾಗಿ ನನಗೆ ಅದು ಬೇಕಾಗಿರಲಿಲ್ಲ. ಮನಸ್ಸಿನಲ್ಲೇ ಎಣಿಸಿದರೆ ಸಾಲದೇ ಎಂಬ ಧೋರಣೆ.

ನಿಯಮ ಓದಲು ಸುಲಭ. ನಮ್ಮಲ್ಲಿ ನಡೆಯುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ, ಅಂದರೆ ಫಿಬಾದ ನಿಯಮ. ಚೆಂಡನ್ನು ಕೈಯಲ್ಲಿ ಹಿಡಿದು ನಿಂತ ಆಟಗಾರ್ತಿಗೆ 1 ಮೀಟರ್ ಒಳಗೆ ಎದುರಾಳಿಯೊಬ್ಬಳು ನಿಂತು ಚುರುಕಾಗಿ ಅಡ್ಡಗಟ್ಟುತ್ತಿದ್ದರೆ ಅದು ‘ಕ್ಲೋಸ್ಲಿ ಗಾರ್ಡೆಡ್’ ಸ್ಥಿತಿ. ಆಗ 5 ಸೆಕೆಂಡಿನೊಳಗೆ ಪಾಸ್ ಮಾಡಬೇಕು, ಇಲ್ಲವೇ ಶೂಟ್ ಮಾಡಬೇಕು, ಇಲ್ಲವೇ ಡ್ರಿಬಲ್ ಶುರು ಮಾಡಬೇಕು. ತಪ್ಪಿದರೆ ಚೆಂಡು ಎದುರಾಳಿ ತಂಡಕ್ಕೆ. ಒಂದು ಅಂತರ, ಒಂದು ಭಂಗಿ, ಐದು ಸೆಕೆಂಡು. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಯಾರೂ ಅಂಕ ಕಳೆದುಕೊಳ್ಳುವುದಿಲ್ಲ.

ನಾನು ಕಳೆದುಕೊಂಡದ್ದು ಕೋರ್ಟಿನಲ್ಲಿ. ಹುಡುಗಿಯರ ಅಂತರಕಾಲೇಜು ಫೈನಲ್, ಸಿಮೆಂಟಿನ ಕೋರ್ಟು, ಗೆರೆಯವರೆಗೂ ನುಗ್ಗಿ ನಿಂತ ಜನ. ರೆಫರಿಗಳು ನಾವಿಬ್ಬರೇ. ಕೊನೆಯ ಕ್ವಾರ್ಟರ್‌ನಲ್ಲಿ ಒಂದು ನಿಮಿಷವೂ ಉಳಿದಿರಲಿಲ್ಲ. ಒಂದು ಪಾಯಿಂಟ್ ಹಿಂದಿದ್ದ ತಂಡದ ಬಳಿ ಚೆಂಡಿತ್ತು. ಅವರ ಗಾರ್ಡ್ ಮೂರು ಪಾಯಿಂಟ್ ಗೆರೆಯ ಹೊರಗೆ, ಬಾಸ್ಕೆಟ್‌ಗೆ ನೇರ ಎದುರಾಗಿ ಬಂದು ಡ್ರಿಬಲ್ ನಿಲ್ಲಿಸಿ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದಳು. ಎದುರಾಳಿ ಮುಗಿಬಿದ್ದಳು. ನಾನು ಹಿಂಬದಿಯ ರೆಫರಿ, ಗಾರ್ಡ್‌ನ ಬೆನ್ನ ಹಿಂದೆ ಸೆಂಟರ್ ಲೈನ್ ಹತ್ತಿರ ನಿಂತಿದ್ದೆ. ಮುಂದಿದ್ದ ತಂಡದ ಬೆಂಚಿನಿಂದ ‘ಫೈವ್! ಫೈವ್!’ ಎಂಬ ಕೂಗು ಎದ್ದಿತು. ನಾನು ಒಳಗೊಳಗೇ ಎಣಿಸಿದೆ, ವಿಸಲ್ ಊದಿದೆ. ಅಂಗೈ ಮೇಲೆತ್ತಿದೆ, ಐದು ಬೆರಳು ಬಿಡಿಸಿ ತೋರಿಸಿದೆ, ಚೆಂಡು ಯಾವ ಕಡೆಗೆಂದು ತೋಳು ಚಾಚಿದೆ. ಆ ಸಂಜೆ ನಾನು ಕೊಟ್ಟ ಸಿಗ್ನಲ್‌ಗಳಲ್ಲೆಲ್ಲ ಅದೇ ಅತ್ಯುತ್ತಮವಾದದ್ದು ಎನ್ನಬೇಕು.

ಗಾರ್ಡ್ ಜಗಳಕ್ಕೆ ಬರಲಿಲ್ಲ. ‘ಸರ್, ಎಣಿಸಿದ್ರಾ?’ ಎಂದಷ್ಟೇ ಕೇಳಿದಳು. ‘ಎಣಿಸಿದೆ’ ಎಂದೆ. ಅದು ಸುಳ್ಳಲ್ಲವಾದ್ದರಿಂದ ಧೈರ್ಯವಾಗಿಯೇ ಹೇಳಿದೆ. ಅವರ ಕೋಚ್ ಮಾತ್ರ ಗೆರೆಯಾಚೆಯಿಂದ ‘ಕೈ ಎಲ್ಲಿ ಬೀಸಿದ್ರಿ?’ ಎಂದು ಕೂಗುತ್ತಲೇ ಇದ್ದರು. ನಾನು ಕೇಳಿಸದವನಂತೆ ಚೆಂಡು ಕೊಡಿಸಿ ಆಟ ಮುಂದುವರಿಸಿದೆ. ಆ ತಂಡ ಸೋತಿತು.

ಪ್ರೇಕ್ಷಕರಲ್ಲೊಬ್ಬ ಹುಡುಗ ಪಕ್ಕದ ಗೆರೆಯ ಬಳಿ ನಿಂತು ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದಿದ್ದ. ಆ ತುಣುಕು ನನ್ನ ಫೋನಿಗೂ ಬಂತು. ಮೊದಲ ಸಲ ನೋಡಿದ್ದು ಸಮರ್ಥನೆ ಹುಡುಕಲು. ಡ್ರಿಬಲ್ ನಿಂತಲ್ಲಿಂದ ನನ್ನ ವಿಸಲ್‌ವರೆಗೆ ನಾಲ್ಕು ಸೆಕೆಂಡೂ ತುಂಬಿರಲಿಲ್ಲ. ಎರಡನೇ ಸಲ ನೋಡಿದಾಗ ಇನ್ನೂ ಕೆಟ್ಟದ್ದು ಕಂಡಿತು. ಡಿಫೆಂಡರ್ ನಡುವೆ ಎಡಕ್ಕೆ ಪಾಸ್ ಹೋಗಬಹುದೆಂದು ಊಹಿಸಿ ಒಂದು ದೊಡ್ಡ ಹೆಜ್ಜೆ ಹಿಂದಕ್ಕೆ ಸರಿದಿದ್ದಳು, ಆಮೇಲೆ ಮತ್ತೆ ಮೇಲೆ ಬಿದ್ದಿದ್ದಳು. ಅವಳು ಮೀಟರಿನಾಚೆ ಹೋದ ಗಳಿಗೆಗೇ ಎಣಿಕೆ ಸತ್ತಿತು, ವಾಪಸ್ ಬಂದಾಗ ಹೊಸದಾಗಿ ಒಂದರಿಂದ ಶುರುವಾಗಬೇಕಿತ್ತು. ಆ ಲೆಕ್ಕದಲ್ಲಿ ನಾನು ವಿಸಲ್ ಊದಿದ್ದು ಎರಡೂ ತುಂಬುವ ಮೊದಲೇ.

ಆ ಹೆಜ್ಜೆ ನನಗೇಕೆ ಕಾಣಲಿಲ್ಲ? ನಾನು ನಿಂತ ಜಾಗವೇ ತಪ್ಪು. ಒಂದರ ಹಿಂದೊಂದು ನಿಂತ ಎರಡು ಬಸ್ಸುಗಳ ನಡುವೆ ಎಷ್ಟು ಜಾಗವಿದೆ ಎಂದು ಹಿಂದಿನ ಬಸ್ಸಿನ ಹಿಂದೆ ನಿಂತವನಿಗೆ ತಿಳಿಯುವುದಿಲ್ಲ. ಗಾರ್ಡ್‌ನ ಬೆನ್ನ ಹಿಂದಿನಿಂದ ನನಗೆ ಕಂಡದ್ದು ಅವಳ ಭುಜಗಳು, ಅವುಗಳ ಮೇಲೆ ಆಡುವ ಇನ್ನೊಬ್ಬಳ ಕೈಗಳು. ಅದು ಒಂದು ಅಡಿಯೋ ಒಂದೂವರೆ ಮೀಟರೋ, ಆ ಕೋನದಿಂದ ಎರಡೂ ಒಂದೇ. ಎರಡು ಹೆಜ್ಜೆ ಪಕ್ಕಕ್ಕೆ ಸರಿದಿದ್ದರೆ ಇಬ್ಬರ ನಡುವಿನ ಬೆಳಕು ಕಾಣುತ್ತಿತ್ತು.

ಜೊತೆಗೆ ನನ್ನ ಕಣ್ಣು ಚೆಂಡಿನ ಮೇಲಿತ್ತು. ಆಟಗಾರನಾಗಿದ್ದವನ ಹಳೇ ಚಾಳಿ ಅದು. ಜೇಮ್ಸ್ ನೈಸ್ಮಿತ್ 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ ಈ ಆಟ ಹುಟ್ಟುಹಾಕಿದಾಗ ಬರೆದ 13 ನಿಯಮಗಳಲ್ಲಿ ನೋಡುವ ಕೆಲಸವನ್ನು ಇಬ್ಬರಿಗೆ ಹಂಚಿದ್ದರು. ಅಂಪೈರ್ ಆಟಗಾರರನ್ನು ನೋಡಬೇಕು, ರೆಫರಿ ಚೆಂಡನ್ನೂ ಸಮಯವನ್ನೂ ನೋಡಬೇಕು. ಇಂದು ಆ ಎರಡೂ ಕಣ್ಣು ಒಬ್ಬನಲ್ಲೇ ಇರಬೇಕು. ಅದರಲ್ಲೂ ಈ ನಿಯಮದಲ್ಲಿ ಉಲ್ಲಂಘನೆ ಚೆಂಡು ಹಿಡಿದವಳದ್ದಾದರೂ ನೋಡಬೇಕಾದ್ದು ಹಿಡಿಯದವಳನ್ನು. ಅವಳ ಪಾದಗಳು ಎಲ್ಲಿವೆ, ಎದೆ ಯಾವ ಕಡೆಗಿದೆ, ನಿಜಕ್ಕೂ ಅಡ್ಡಗಟ್ಟುತ್ತಿದ್ದಾಳೋ ಅಥವಾ ಹತ್ತಿರ ಸುಮ್ಮನೆ ನಿಂತಿದ್ದಾಳೋ? ಎಣಿಕೆ ಹುಟ್ಟುವುದೂ ಸಾಯುವುದೂ ಡಿಫೆಂಡರ್‌ನ ಕಾಲಿನಲ್ಲಿ. ನಾನು ಚೆಂಡನ್ನೇ ದಿಟ್ಟಿಸುತ್ತಾ ಕೂಗಿನ ವೇಗಕ್ಕೆ ಎಣಿಸುತ್ತಿದ್ದೆ.

ಮೂರನೆಯದು ಬೀಸದ ಕೈ. ಇದು ಉಳಿದೆರಡಕ್ಕಿಂತ ದೊಡ್ಡ ತಪ್ಪು ಎಂದು ನನಗೆ ತಿಳಿಸಿದವಳು ಅದೇ ಗಾರ್ಡ್. ಮುಂದೊಂದು ಟೂರ್ನಮೆಂಟಿನಲ್ಲಿ ಸಿಕ್ಕಾಗ ಅವಳ ಬಳಿ ಹೋಗಿ, ಅವತ್ತು ಐದು ಆಗಿರಲಿಲ್ಲ, ನನ್ನದೇ ತಪ್ಪು ಎಂದೆ. ‘ಐದು ಆಗಿರಲಿಲ್ಲ ಅಂತ ಅವತ್ತೇ ಗೊತ್ತಿತ್ತು ಸರ್. ನಿಮ್ಮ ಕೈ ಓಡ್ತಿದ್ದಿದ್ರೆ ಮೂರಕ್ಕೇ ಬಾಲ್ ಬಿಡ್ತಿದ್ದೆ. ಕೈ ಓಡಲಿಲ್ಲ, ಟೈಮಿದೆ ಅಂದ್ಕೊಂಡೆ’ ಎಂದಳು. ನಾನು ಕ್ಷಮೆ ಕೇಳಲು ಹೋದದ್ದು ತಪ್ಪು ಲೆಕ್ಕಕ್ಕೆ. ಅವಳ ದೂರು ಬಚ್ಚಿಟ್ಟ ಲೆಕ್ಕದ ಮೇಲಿತ್ತು. ಶಾಟ್ ಕ್ಲಾಕ್‌ನ 24 ಸೆಕೆಂಡು ಎಲ್ಲರಿಗೂ ಕಾಣುವಂತೆ ಇಳಿಯುತ್ತದೆ. ಈ 5 ಸೆಕೆಂಡಿಗೆ ಮೈದಾನದಲ್ಲಿರುವ ಗಡಿಯಾರ ರೆಫರಿಯ ತೋಳೊಂದೇ. ಅದನ್ನು ಜೇಬಿನಲ್ಲಿಟ್ಟುಕೊಂಡು ಸಮಯ ಮುಗಿಯಿತು ಎಂದವನು ನಾನು.

ಆಮೇಲೆ ಕಲಿಕೆ ಶುರುವಾಯಿತು. ಮೊದಲು ಮೀಟರ್. ಕಣ್ಣಂದಾಜು ಎಂದು ಬಿಡುವ ಬದಲು ಕೋರ್ಟಿನಲ್ಲೇ ಅಳತೆಗೋಲು ಹುಡುಕಿದೆ. ಮೂಲೆಗಳಲ್ಲಿ ಮೂರು ಪಾಯಿಂಟ್ ಗೆರೆ ನೇರವಾಗಿ ಸಾಗುತ್ತದಲ್ಲ, ಅಲ್ಲಿ ಅದಕ್ಕೂ ಪಕ್ಕದ ಗೆರೆಗೂ ನಡುವೆ 90 ಸೆಂಟಿಮೀಟರ್. ಪಂದ್ಯಕ್ಕೆ ಮುಂಚೆ ಆ ಪಟ್ಟಿಯನ್ನು ಬೇರೆ ಬೇರೆ ಕೋನದಿಂದ ನೋಡಿಕೊಳ್ಳುತ್ತೇನೆ. ಇದಕ್ಕಿಂತ ಒಂದು ಗೇಣಿನ ಅರ್ಧದಷ್ಟು ಹೆಚ್ಚಾದರೆ ಎಣಿಕೆ ಇಲ್ಲ ಎಂದು ಕಣ್ಣಿಗೆ ಕಲಿಸಿದ್ದು ಹೀಗೆ.

ಆಮೇಲೆ ಸೆಕೆಂಡು. ಸ್ಟಾಪ್‌ವಾಚ್ ಇಟ್ಟುಕೊಂಡು ಕಣ್ಣು ಮುಚ್ಚಿ ಐದು ಎಣಿಸಿದರೆ ಮನೆಯಲ್ಲಿ ಸರಿಯಾಗಿಯೇ ಬರುತ್ತಿತ್ತು. ಟಿವಿ ಜೋರು ಮಾಡಿ, ಓಡಿ ಬಂದು ಏದುಸಿರಿನಲ್ಲಿ ಎಣಿಸಿದರೆ ನನ್ನ ಐದು ನಾಲ್ಕಕ್ಕೇ ಮುಗಿಯುತ್ತಿತ್ತು. ಎದೆಬಡಿತದ ಜೊತೆ ಎಣಿಕೆಯೂ ಓಡುತ್ತದೆ. ತೋಳು ಬೀಸಿದಾಗ ಮಾತ್ರ ಅದು ಹತೋಟಿಗೆ ಬಂತು. ಪೂರ್ತಿ ತೋಳು ಹೊರಕ್ಕೆ ಹೋಗಿ ಒಳಕ್ಕೆ ಬರಲು ತನ್ನದೇ ಹೊತ್ತು ಹಿಡಿಯುತ್ತದೆ, ನಾಲಿಗೆಯಷ್ಟು ಸುಲಭವಾಗಿ ಗಾಬರಿ ಬೀಳುವುದಿಲ್ಲ. ಅಲ್ಲದೆ ಕೈ ಓಡುತ್ತಿರುವಾಗ ಡಿಫೆಂಡರ್ ಹಿಂದೆ ಸರಿದರೆ ಆ ಕೈಯನ್ನು ಎಲ್ಲರೆದುರು ನಿಲ್ಲಿಸಲೇಬೇಕು. ಹಾಗೆ ನಿಲ್ಲಿಸಬೇಕೆಂದರೆ ಅವಳ ಕಾಲನ್ನು ನೋಡುತ್ತಲೇ ಇರಬೇಕು. ಕಣ್ಣಿಗೆ ಬುದ್ಧಿ ಹೇಳಿ ಸೋತಿದ್ದ ನಾನು ಅದನ್ನು ಕೈಗೆ ಕಟ್ಟಿ ತಿದ್ದಿಕೊಂಡೆ.

ಕೈ ಕಾಣಿಸುವುದರಿಂದ ವಾದ ನಿಲ್ಲುತ್ತದೆ ಎಂದೇನಲ್ಲ. ಈಗ ಹುಡುಗರೆಲ್ಲ ಅಮೆರಿಕದ ಆಟ ನೋಡುತ್ತಾರೆ. ಡ್ರಿಬಲ್ ಮಾಡುತ್ತಿರುವವನಿಗೂ ಎಣಿಸಿ ಎಂದು ಬೆಂಚು ಕೂಗುತ್ತದೆ. ಅಲ್ಲಿನ ಹೈಸ್ಕೂಲು ನಿಯಮದಲ್ಲಿ ಅಂತರ 6 ಅಡಿ, ಡ್ರಿಬಲ್‌ಗೂ ಎಣಿಕೆ ಉಂಟು, ಹಿಡಿದದ್ದರಿಂದ ಡ್ರಿಬಲ್‌ಗೆ ಬದಲಾದಾಗ ರೆಫರಿ ಕೈಯನ್ನೂ ಬದಲಿಸುತ್ತಾನೆ. ಕಾಲೇಜು ಪುರುಷರ ಆಟದಲ್ಲಿ ಡ್ರಿಬಲ್‌ನ ಎಣಿಕೆಯನ್ನು 2015-16ರಿಂದ ಕೈಬಿಟ್ಟರು. ಎನ್‌ಬಿಎಯಲ್ಲಿರುವ ಐದು ಸೆಕೆಂಡು ಬೇರೆಯೇ ಥರದ್ದು, ಬಾಸ್ಕೆಟ್‌ಗೆ ಬೆನ್ನು ಕೊಟ್ಟು ಡ್ರಿಬಲ್ ಮಾಡುತ್ತಾ ಒತ್ತುವವರ ಮೇಲಿನದು. ನಮ್ಮ ನಿಯಮದಲ್ಲಿ ಡ್ರಿಬಲ್ ಶುರುವಾದೊಡನೆ ಎಣಿಕೆ ಮುಗಿಯಿತು. ನನ್ನ ತೋಳು ಕೆಳಗಿದ್ದರೆ ಎಣಿಸುತ್ತಿಲ್ಲ ಎಂದೇ ಅರ್ಥ. ಜಗಳ ಮಾಡುವವರಿಗೆ ಈಗ ಯಾವುದರ ಬಗ್ಗೆ ಜಗಳ ಎಂದಾದರೂ ಗೊತ್ತಿರುತ್ತದೆ.

ಅಚ್ಚರಿಯೆಂದರೆ, ಕೈ ಬೀಸಲು ಶುರು ಮಾಡಿದ ಮೇಲೆ ಈ ವಯಲೇಷನ್‌ಗೆ ನಾನು ವಿಸಲ್ ಊದುವುದೇ ಅಪರೂಪವಾಗಿದೆ. ಮೂರನೇ ಬೀಸಿಗೆ ಚೆಂಡು ಹಿಡಿದವರು ತಡಬಡಿಸುತ್ತಾರೆ, ನಾಲ್ಕಕ್ಕೆ ಹೇಗೋ ಬಿಡುತ್ತಾರೆ, ಡಿಫೆಂಡರ್ ಅದನ್ನೇ ಕಾದು ಪಾಸಿಗೆ ಕೈ ಹಾಕುತ್ತಾಳೆ. ತೀರ್ಮಾನ ನನ್ನ ಬಾಯಿಗೆ ಬರುವ ಮೊದಲೇ ಆಟದಲ್ಲೇ ಆಗಿಬಿಡುತ್ತದೆ. ಆಗಬೇಕಾದ್ದೂ ಹಾಗೆಯೇ.

ಹೊಸ ರೆಫರಿಗಳ ಶಿಬಿರಗಳಿಗೆ ನನ್ನನ್ನು ಕರೆದರೆ ಸ್ಕೋರ್‌ಶೀಟ್‌ನ ಒಂದು ಪ್ರತಿ ಒಯ್ಯುತ್ತೇನೆ. ಪಾಯಿಂಟ್‌ಗೆ, ಫೌಲ್‌ಗೆ, ಟೈಮ್‌ಔಟ್‌ಗೆ ಅದರಲ್ಲಿ ಜಾಗವಿದೆ. ಐದು ಸೆಕೆಂಡಿನ ವಯಲೇಷನ್ ಬರೆಯಲು ಎಲ್ಲಿಯೂ ಜಾಗವಿಲ್ಲ. ಆ ಫೈನಲ್‌ನ ಹಾಳೆಯಲ್ಲಿ ನನ್ನ ತಪ್ಪಿನ ಗುರುತೇ ಇಲ್ಲ. ಒಂದು ಪಾಯಿಂಟಿನ ಸೋಲಿದೆ, ಕೆಳಗೆ ನನ್ನ ಸಹಿಯಿದೆ. ದಾಖಲೆಯಾಗದ ತೀರ್ಮಾನ ಕೊಡುವವನು ಅದನ್ನು ಮಾಡುವಾಗಲೇ ಜನರೆದುರು ಮಾಡಬೇಕು ಎಂದು ಆ ಹುಡುಗರಿಗೆ ಹೇಳುತ್ತೇನೆ. ಬೆರಳು ಬಿಡಿಸಿ ತೋರಿಸುವುದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಆದ್ದರಿಂದ ಶಿಬಿರದ ಮೊದಲ ದಿನ ಅವರಿಗೆ ನಾನು ವಿಸಲ್ ಕೊಡುವುದೇ ಇಲ್ಲ, ಬರೀ ಎಣಿಸಲು ಹಚ್ಚುತ್ತೇನೆ.